ಲಾಭವಿದೆ, ರೊಕ್ಕವಿಲ್ಲ: ಉದ್ಯಮಬಾಗದಿಂದ ಬಂದ ಪ್ರಶ್ನೆ

ಪ್ರಶ್ನೆ: ಲೆಕ್ಕ ಪರಿಶೋಧಕರಿಗೆ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ನಾನು ಮತ್ತು ನನ್ನ ಅಣ್ಣ ಪಾಲುದಾರಿಕೆಯಲ್ಲಿ ಸಣ್ಣ ಮಶೀನ್ ಶಾಪ್ ನಡೆಸುತ್ತಿದ್ದೇವೆ. ಫೌಂಡ್ರಿಯಿಂದ ಕಾಸ್ಟಿಂಗ್ ತಂದು ಪಂಪಿನ ಬಿಡಿಭಾಗ ಮಾಡಿಕೊಡುತ್ತೇವೆ. ಈ ವರ್ಷ 18 ಲಕ್ಷ ರೂಪಾಯಿ ಲಾಭವೆಂದು ಲೆಕ್ಕಪತ್ರ ಹೇಳುತ್ತದೆ, ಆದರೆ ಕ್ಯಾಶ್ ಕ್ರೆಡಿಟ್ ಸಾಲ (ದಾಸ್ತಾನು, ಉದ್ರಿಗಳನ್ನು ನೋಡಿ ಬ್ಯಾಂಕು ಒಂದು ಮಿತಿಯೊಳಗೆ ಕೊಡುವ ವ್ಯಾಪಾರದ ಸಾಲ) 12 ಲಕ್ಷ ಏರಿದೆ. ಗಿರಾಕಿಗಳ ಉದ್ರಿ 22 ಲಕ್ಷದಿಂದ 41 ಲಕ್ಷಕ್ಕೂ, ದಾಸ್ತಾನು 14 ಲಕ್ಷದಿಂದ 21 ಲಕ್ಷಕ್ಕೂ ಹೋಗಿದೆ. ನಾವು ಕೊಡಬೇಕಾದ ಬಾಕಿ 3 ಲಕ್ಷ ಹೆಚ್ಚಿದೆ. ಸವಕಳಿ (ಮಶೀನು ಸವೆದದ್ದಕ್ಕೆ ಲೆಕ್ಕದಲ್ಲಿ ಕಳೆಯುವ ಮೊತ್ತ) 6 ಲಕ್ಷ, ಮಶೀನ್ ಸಾಲದ ಅಸಲಿಗೆ ಕಟ್ಟಿದ್ದು 7 ಲಕ್ಷ, ಮನೆಖರ್ಚಿಗೆ ತೆಗೆದದ್ದು 6 ಲಕ್ಷ. ಲೆಕ್ಕ ಬರೆಯುವವರು ಎಲ್ಲಿಯಾದರೂ ತಪ್ಪಿದ್ದಾರೆಯೇ?

ಉತ್ತರ: ಲೆಕ್ಕ ಸರಿಯಾಗಿಯೇ ಇದೆ, ಲಾಭವನ್ನೂ ರೊಕ್ಕವನ್ನೂ ಒಂದೇ ಎಂದು ತಿಳಿದದ್ದರಿಂದ ಗೊಂದಲವಾಗಿದೆ. ಮಾಲು ಗಿರಾಕಿಯ ಕೈಸೇರಿದ ದಿನವೇ, ಹಣ ಬಂದಿರಲಿ ಬಿಡಲಿ, ಮಾರಾಟವೆಂದು ಬರೆಯುತ್ತೇವೆ. 18 ಲಕ್ಷಕ್ಕೆ ಸವಕಳಿಯ 6 ಲಕ್ಷ ಕೂಡಿಸಿ, ಏಕೆಂದರೆ ಅದು ಜೇಬಿನಿಂದ ಹೋದ ಹಣವಲ್ಲ, 24 ಆಯಿತು. ಉದ್ರಿಯಲ್ಲಿ ಸಿಕ್ಕಿಕೊಂಡ 19, ದಾಸ್ತಾನಿನಲ್ಲಿ ಕುಳಿತ 7 ಕಳೆದು, ನೀವು ಇನ್ನೂ ಕೊಡದ 3 ಸೇರಿಸಿದರೆ ವ್ಯಾಪಾರದಿಂದ ಕೈಗೆ ಬಂದದ್ದು 1 ಲಕ್ಷ ಮಾತ್ರ. ಅಸಲು ಮತ್ತು ಮನೆಖರ್ಚು ಸೇರಿ 13 ಲಕ್ಷ ಹೊರಗೆ ಹೋಗಿದೆ. ಉಳಿದ 12 ಲಕ್ಷವನ್ನು ಬ್ಯಾಂಕು ತುಂಬಿಕೊಟ್ಟಿದೆ. ನಿಮ್ಮ ಲಾಭವೆಲ್ಲ ಗಿರಾಕಿಗಳ ಕಪಾಟಿನಲ್ಲಿದೆ ಎನ್ನಬಹುದು.

ಮರುಪ್ರಶ್ನೆ: ಕ್ಯಾಶ್ ಕ್ರೆಡಿಟ್ ಮಿತಿ ಹೆಚ್ಚಿಸಿಕೊಳ್ಳಲು ಅಣ್ಣ ಎರಡು ದಾರಿ ಹೇಳುತ್ತಿದ್ದಾರೆ. ಗಿರಾಕಿ ತಿರಸ್ಕರಿಸಿ ಮರಳಿಸಿದ 5 ಲಕ್ಷದ ಮಾಲನ್ನು ಪೂರ್ಣ ಬೆಲೆಗೆ ದಾಸ್ತಾನಿನಲ್ಲಿ ತೋರಿಸುವುದು ಒಂದು. ಏಪ್ರಿಲ್‌ನಲ್ಲಿ ಕಳಿಸುವ ಮಾಲಿಗೆ ಮಾರ್ಚ್ 31ರ ಬಿಲ್ಲು ಹರಿಯುವುದು ಇನ್ನೊಂದು. ಎಲ್ಲರೂ ಹೀಗೆಯೇ ಮಾಡುತ್ತಾರಂತೆ.

ಉತ್ತರ: ಎರಡನ್ನೂ ಮಾಡಬೇಡಿ. ದಾಸ್ತಾನನ್ನು ತಗುಲಿದ ಖರ್ಚು ಅಥವಾ ಮಾರಿದರೆ ನಿಜವಾಗಿ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಹಿಡಿಯಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ತಿರಸ್ಕೃತ ಮಾಲು ರಿಪೇರಿಯಾಗದಿದ್ದರೆ ಅದಕ್ಕೆ ಗುಜರಿಯ ಬೆಲೆಯಷ್ಟೇ. ಇನ್ನು ಮಾಲು ನಿಮ್ಮ ಶೆಡ್ಡಿನಲ್ಲಿಯೇ ಇರುವಾಗ ಬಿಲ್ಲು ಹರಿದರೆ ಅದು ಮಾರಾಟವಾಗುವುದಿಲ್ಲ. ಮೇಲಾಗಿ, ಕಾಣದ ಹಣದ ಮೇಲೆ ಏಪ್ರಿಲ್‌ನಲ್ಲಿಯೇ ಜಿಎಸ್‌ಟಿ ಕಟ್ಟುವ ಪ್ರಸಂಗ ಬರುತ್ತದೆ, ಮುಂದಿನ ವರ್ಷದ ಮಾರಾಟ ಅಷ್ಟರಮಟ್ಟಿಗೆ ತಗ್ಗುತ್ತದೆ, ಆ ತಗ್ಗನ್ನು ಮುಚ್ಚಲು ಬರುವ ಮಾರ್ಚ್‌ನಲ್ಲಿ ಇನ್ನೂ ದೊಡ್ಡ ಸುಳ್ಳು ಬೇಕಾಗುತ್ತದೆ. 2009ರ ಜನವರಿಯಲ್ಲಿ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷರು ತಪ್ಪೊಪ್ಪಿಕೊಂಡಾಗ ಹೊರಬಿದ್ದದ್ದು ಇದೇ ಬಗೆಯ ಕಥೆ: ವರ್ಷದಿಂದ ವರ್ಷಕ್ಕೆ ಹಿಗ್ಗಿಸಿದ ಅಂಕಿಗಳು ಕೊನೆಗೆ 5,000 ಕೋಟಿ ರೂಪಾಯಿಗೂ ಮಿಕ್ಕಿದ ಇಲ್ಲದ ಹಣವಾಗಿದ್ದವು. ನಿಮ್ಮದು ಪಾಲುದಾರಿಕೆಯಾದ್ದರಿಂದ ಬ್ಯಾಂಕಿಗೆ ಕೊಟ್ಟ ಸುಳ್ಳು ಹೇಳಿಕೆಯ ಹೊಣೆ ಅಣ್ಣನವರಷ್ಟೇ ನಿಮ್ಮ ಮೇಲೂ, ನಿಮ್ಮ ಸ್ವಂತ ಆಸ್ತಿಯ ಮೇಲೂ ಬರುತ್ತದೆ. ಹಿರಿಯರಿಗೆ ಎದುರಾಡುವುದು ಕಷ್ಟವೆಂದು ಬಲ್ಲೆ, ಆದರೆ ಸಹಿ ನಿಮ್ಮದೂ ಇರುತ್ತದೆ.

ಮರುಪ್ರಶ್ನೆ: ಹಾಗಾದರೆ 110 ದಿನ ಕಳೆದರೂ ಹಣ ಕೊಡದ ದೊಡ್ಡ ಗಿರಾಕಿಗೆ ಏನು ಮಾಡಬೇಕು?

ಉತ್ತರ: ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇಲ್ಲದಿದ್ದರೆ ಮೊದಲು ಮಾಡಿಸಿ, ಅದರ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಜೊತೆಗೆ 2024–25ರ ಕರನಿರ್ಧಾರಣ ವರ್ಷದಿಂದ (ಅಂದರೆ 2023–24ರ ಆದಾಯದಿಂದ ಮೊದಲ್ಗೊಂಡು), ಅವಧಿ ಮೀರಿದ ಬಾಕಿಯನ್ನು ನಿಜವಾಗಿ ಕೊಡುವವರೆಗೆ ಗಿರಾಕಿ ತನ್ನ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ. ದೂರು ಕೊಟ್ಟರೆ ಆರ್ಡರ್ ಕೈತಪ್ಪೀತೆಂಬ ಹೆದರಿಕೆ ನಿಮಗಿದ್ದೇ ಇರುತ್ತದೆ. ಆದ್ದರಿಂದ ಲೆಕ್ಕದ ವರ್ಷ ಮುಗಿಯುವ ಮುನ್ನ, ಮಾರ್ಚ್ ಮೊದಲ ವಾರದಲ್ಲಿ ಬಾಕಿ ಬಿಲ್ಲುಗಳ ಪಟ್ಟಿಯೊಂದಿಗೆ ಈ ತೆರಿಗೆಯ ಅಂಶವನ್ನಷ್ಟೇ ನೆನಪಿಸುವ ವಿನಯದ ಪತ್ರವನ್ನು ಅವರ ಲೆಕ್ಕ ವಿಭಾಗಕ್ಕೆ ಕಳಿಸಿ.