ವಸತಿ ಶಾಲೆ ಮಕ್ಕಳ ಕೌನ್ಸೆಲಿಂಗ್‌ಗೆ ಸರಿಯಾದ ತರಬೇತಿ ಎಲ್ಲಿ ಸಿಗುತ್ತದೆ? ಬಾಗಲಕೋಟೆ ಕಡೆಯಿಂದ ಕೇಳ್ತಿದೀನಿ

ಜಮಖಂಡಿ ಮಗಳು:

ಎಲ್ಲರಿಗೂ ನಮಸ್ಕಾರ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಮುಗಿಸಿ ಈ ವರ್ಷ ಜಮಖಂಡಿ ತಾಲ್ಲೂಕಿನ ಒಂದು ವಸತಿ ಶಾಲೆಗೆ ಆಪ್ತಸಮಾಲೋಚಕಿಯಾಗಿ ಸೇರಿದ್ದೇನೆ. ಎಲ್ಲ ಹುಡುಗಿಯರೇ. ಬಹಳ ಮಕ್ಕಳ ಅಪ್ಪ ಅವ್ವ ದೀಪಾವಳಿ ಮುಗಿದ ಕೂಡಲೇ ಗ್ಯಾಂಗ್ ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುತ್ತಾರೆ. ಬೇಸಿಗೆವರೆಗೆ ಈ ಮಕ್ಕಳಿಗೆ ಹಾಸ್ಟೆಲೇ ಮನೆ.

ನನಗೆ ಕೊಟ್ಟ ತರಬೇತಿ ಎರಡು ದಿನದ ಕಾರ್ಯಾಗಾರ. ಪಿಪಿಟಿ ತೋರಿಸಿದರು, ಗುಂಪು ಫೋಟೊ ತೆಗೆದರು, ಸರ್ಟಿಫಿಕೇಟ್ ಕೊಟ್ಟರು. ಮಕ್ಕಳ ಜೊತೆ ಪ್ರೀತಿಯಿಂದ ಮಾತಾಡಿ ಅಂದರು. ಅಷ್ಟೇ.

ದಸರೆ ರಜೆ ಮುಗಿಸಿ ಬಂದ 9ನೇ ತರಗತಿ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, "ಅಕ್ಕೋರ, ನನ್ನ ಸ್ವಾದರಮಾವಗ ಕೊಡ್ತಾರಂತ. ಯಾರ ಮುಂದೂ ಹೇಳಬ್ಯಾಡ್ರಿ, ಅವ್ವಗ ಹೊಡೀತಾರ" ಅಂದಳು. ನಾನು ಮುಖ್ಯ ಶಿಕ್ಷಕಿಗೆ ಹೇಳಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋಯಿತು. ಅಧಿಕಾರಿಗಳು ಮನೆಗೆ ಹೋಗಿ ಮುಚ್ಚಳಿಕೆ ಬರೆಸಿಕೊಂಡರು, ಮದುವೆ ನಿಂತಿತು. ಆದರೆ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಊಟದ ಸಾಲಿನಲ್ಲಿ ನನ್ನನ್ನು ಕಂಡರೆ ತಟ್ಟೆ ಹಿಡಿದುಕೊಂಡು ಹಿಂದಕ್ಕೆ ಹೋಗಿ ನಿಲ್ಲುತ್ತಾಳೆ. ಈಗ ಬೇರೆ ಹುಡುಗಿಯರೂ ನನ್ನ ಕೋಣೆ ಕಡೆ ಬರುವುದು ಕಡಿಮೆಯಾಗಿದೆ.

ಆರು ತಿಂಗಳ ಆನ್‌ಲೈನ್ ಡಿಪ್ಲೊಮಾ ಅಂತ ದಿನಾ ಮೊಬೈಲಿನಲ್ಲಿ ಜಾಹೀರಾತು ಬರುತ್ತದೆ. ಎಲ್ಲ ವಿಡಿಯೊ, ಕೊನೆಗೊಂದು ಪರೀಕ್ಷೆ. ಸೇರಲಾ? ಕೆಲಸ ಬಿಟ್ಟು ವರ್ಷಗಟ್ಟಲೆ ಬೆಂಗಳೂರಿಗೆ ಹೋಗಲು ಆಗುವುದಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಗೋಳಗುಮ್ಮಟ ನೆರಳು (ವಿಜಯಪುರ):

ಮೇಡಂ, ನಾನು ಮಕ್ಕಳ ರಕ್ಷಣೆ ಕೆಲಸದಲ್ಲಿ ಇದ್ದೇನೆ. ನೀವು ಮಾಡಿದ್ದರಲ್ಲಿ ತಪ್ಪೇನಿಲ್ಲ. ಕರ್ನಾಟಕದಲ್ಲಿ 2016ರ ತಿದ್ದುಪಡಿ ನಂತರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಸುಮ್ಮನೆ ಇದ್ದಿದ್ದರೆ ಆ ಮಗು ಎಲ್ಲಿಗೆ ಹೋಗುತ್ತಿತ್ತು ಯೋಚಿಸಿ.

ಯಾವ ಕೋರ್ಸ್ ಸೇರಿದರೂ ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯನ್ನು ಸರಿಯಾಗಿ ಕಲಿಸುತ್ತಾರಾ ನೋಡಿ. 2012ರ ಆ ಕಾಯ್ದೆಯ 19ನೇ ಕಲಂ ಪ್ರಕಾರ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಕೌನ್ಸೆಲರ್‌ಗೆ ವಿನಾಯಿತಿ ಇಲ್ಲ. ತಿಳಿಸದಿದ್ದರೆ 21ನೇ ಕಲಂನಲ್ಲಿ 6 ತಿಂಗಳವರೆಗೆ ಜೈಲು ಅಥವಾ ದಂಡ. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ. "ಶಾಲೆ ಹೆಸರು ಹಾಳಾಗುತ್ತದೆ" ಅಂತ ಒತ್ತಡ ಬಂದಾಗ ಈ ಕಲಂ ನಿಮ್ಮ ಬೆನ್ನಿಗಿರಲಿ.

ಟಿಳಕವಾಡಿ ಅಕ್ಕ (ಬೆಳಗಾವಿ):

ತಂಗಿ, ಮಕ್ಕಳ ಜೊತೆ ಈ ಕೆಲಸ ಮಾಡುತ್ತಾ ನನಗೆ ಬಹಳ ವರ್ಷ ಆಯಿತು. ಈಗ ಹೊಸದಾಗಿ ಬರುವ ಕೌನ್ಸೆಲರ್‌ಗಳ ಜೊತೆ ವಾರಕ್ಕೊಮ್ಮೆ ಕೂತು ಅವರ ಕೇಸುಗಳನ್ನು ನೋಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದು.

ಮೊದಲು ಆ ಹುಡುಗಿಯ ಮಾತು. ಅವಳು ನಿನಗೆ ಎರಡು ವಿಷಯ ಹೇಳಿದ್ದಳು, ಒಂದು ಮದುವೆ, ಇನ್ನೊಂದು ಅವ್ವನ ಮೇಲೆ ಬೀಳುವ ಏಟು. ಮದುವೆ ನಿಂತಿತು. ಅವ್ವಗೆ ಏನಾಯಿತು ಅಂತ ಯಾರಾದರೂ ಕೇಳಿದರಾ? ಅಧಿಕಾರಿಗಳ ಜೀಪು ಮನೆ ಮುಂದೆ ನಿಂತು ಹೋದ ರಾತ್ರಿ ಆ ಮನೆಯಲ್ಲಿ ಏನು ನಡೆಯಿತೋ, ಈ ಮಗುವಿಗೆ ಗೊತ್ತಿರಬಹುದು. ಅವಳ ಸಿಟ್ಟು ಅಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಅವಳನ್ನು ಕೋಣೆಗೆ ಕರೆಸಬೇಡ. ಗೆಳತಿಯರ ಕೈಲಿ ಹೇಳಿಕಳಿಸಬೇಡ. ಯಾರೂ ಇಲ್ಲದಾಗ ನೀನೇ ಹತ್ತಿರ ಹೋಗಿ ಒಂದೇ ಸಲ ಹೇಳು: "ನೀ ಬ್ಯಾಡ ಅಂದರೂ ನಾ ಹೇಳಿದೆ, ಸಿಟ್ಟ ಬಂದಿರಬೇಕು. ಅವ್ವ ಹೆಂಗದಾಳಂತ ನನಗೂ ಚಿಂತಿ ಐತಿ. ನಿನಗ ಮಾತಾಡಬೇಕು ಅನಿಸಿದಾಗ ಬಾ." ಹೇಳಿ ಬಂದುಬಿಡು, ಉತ್ತರಕ್ಕೆ ಕಾಯಬೇಡ. ಆಮೇಲೆ ಆ ಊರಿನ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆ ಮೂಲಕ ತಾಯಿಯ ಸ್ಥಿತಿ ತಿಳಿದುಕೊ. ಹೊಡೆತ ಇದ್ದರೆ ಮಹಿಳಾ ಸಹಾಯವಾಣಿ 181 ಇದೆ, ಹಿಂಸೆಗೊಳಗಾದ ಮಹಿಳೆಯರಿಗೆ ನೆರವು ಕೊಡುವ ಸಖಿ ಕೇಂದ್ರ ಇದೆ. ಇನ್ನೊಂದು, ಮುಚ್ಚಳಿಕೆ ಬರೆದುಕೊಟ್ಟ ಮಾತ್ರಕ್ಕೆ ಮದುವೆ ನಿಂತಿತು ಅಂತ ಬಿಡಬೇಡ. ಬಸವ ಜಯಂತಿ ಹೊತ್ತಿಗೆ, ಅಂದರೆ ಅಕ್ಷಯ ತೃತೀಯ ಬಂದಾಗ, ನಮ್ಮ ಕಡೆ ಮದುವೆಗಳ ಸಾಲೇ ಇರುತ್ತದೆ. ಆಗ ಬೇಸಿಗೆ ರಜೆ, ಹುಡುಗಿ ಮನೆಯಲ್ಲಿರುತ್ತಾಳೆ. ರಜೆಗೆ ಕಳಿಸುವ ಮೊದಲೇ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ನೆನಪಿಸು.

ಈಗ ತರಬೇತಿ. ನನ್ನ ಪ್ರಕಾರ ನೀನು ಮಾತಾಡುವುದನ್ನು ಒಬ್ಬ ಅನುಭವಸ್ಥರು ನೋಡಿ ತಿದ್ದಬೇಕು. ಅದು ಇಲ್ಲದ ಕೋರ್ಸು, ಎಷ್ಟೇ ದೊಡ್ಡ ಹೆಸರಿರಲಿ, ಈ ಕೆಲಸಕ್ಕೆ ಸಾಲುವುದಿಲ್ಲ. ಈಜು ಕಲಿಯಬೇಕಾದರೆ ದಂಡೆಯ ಮೇಲೆ ಕೂತು ವಿಡಿಯೊ ನೋಡಿದರೆ ಆಗುತ್ತಾ?

ಏನು ತಿದ್ದುತ್ತಾರೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಹತ್ತಿರ ಬರುವವರಿಗೆ ಮಗುವಿನ ಜೊತೆ ಆದ ಮಾತುಕತೆಯನ್ನು ಅದೇ ದಿನ, ನೆನಪಿದ್ದಷ್ಟು ಶಬ್ದಶಃ ಬರೆಯಲು ಹೇಳುತ್ತೇನೆ. ಮಗುವಿನ ಹೆಸರು, ಊರು ಬಿಟ್ಟು. ಹೊಸದಾಗಿ ಕೌನ್ಸೆಲರ್ ಆದ ಒಬ್ಬ ಹುಡುಗ ತಂದ ಹಾಳೆಯಲ್ಲಿ ಹೀಗಿತ್ತು. ಮಗು: "ಅವ್ವ ಕಬ್ಬಿಗೆ ಹೋಗ್ಯಾಳ್ರಿ." ಕೌನ್ಸೆಲರ್: "ಬೇಜಾರ್ ಮಾಡ್ಕೋಬೇಡ, ನೀನು ಚೆನ್ನಾಗಿ ಓದಿದರೆ ಅವ್ವಗೆ ಖುಷಿ." ಮಗು: "ಹ್ಞೂಂ ರೀ." ಮುಂದಿನ ನಾಲ್ಕು ಸಾಲಿನಲ್ಲೂ ಮಗುವಿನ ಉತ್ತರ ಬರೀ "ಹ್ಞೂಂ ರೀ". ಮಗು ಬೇಜಾರು ಅಂದಿರಲಿಲ್ಲ. ಅದಕ್ಕೆ ಹೆದರಿಕೆಯೋ, ಸಿಟ್ಟೋ, ತಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಚಿಂತೆಯೋ, ತಿಳಿಯುವ ಮೊದಲೇ ಬುದ್ಧಿಮಾತು ಬಂದುಬಿಟ್ಟಿತು. "ಅವ್ವ ಹೋಗ್ಯಾಳ..." ಅಂತ ಅದೇ ಮಾತನ್ನು ಮೆಲ್ಲಗೆ ಹಿಂದಕ್ಕೆ ಹೇಳಿ ಸುಮ್ಮನಿದ್ದಿದ್ದರೆ ಮಗು ಮುಂದೆ ಮಾತಾಡುತ್ತಿತ್ತೇನೋ. ಹೀಗೆ ಹಾಳೆ ಮುಂದಿಟ್ಟುಕೊಂಡು ಒಬ್ಬರ ಜೊತೆ ಕೂತಾಗಲೇ ಇದು ಕಣ್ಣಿಗೆ ಬೀಳುತ್ತದೆ.

ಗುಟ್ಟಿನ ವಿಷಯವೂ ಹಾಗೇ. ಮೊದಲ ಭೇಟಿಯಲ್ಲೇ, ಮಗು ಏನೂ ಹೇಳುವ ಮುಂಚೆ ತಿಳಿಸಬೇಕು: ನೀನು ಹೇಳಿದ್ದು ನನ್ನ ಹತ್ತಿರ ಇರುತ್ತದೆ, ಆದರೆ ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ, ನೀನೇ ನಿನ್ನ ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಹಾಗಿದ್ದರೆ, ಇನ್ನೊಬ್ಬರಿಗೆ ಅಪಾಯವಿದ್ದರೆ ನಾನು ಹೇಳಲೇಬೇಕು, ಯಾರಿಗೆ ಹೇಳುತ್ತೇನೆ ಅಂತ ಮೊದಲು ನಿನಗೇ ಹೇಳುತ್ತೇನೆ. ಅರ್ಧ ನಿಮಿಷದ ಮಾತು. ಆದರೆ 12 ವರ್ಷದ ಮಗುವಿಗೆ ಹೆದರಿಕೆ ಆಗದ ಹಾಗೆ ಹೇಳಲು ರೋಲ್ ಪ್ಲೇಯಲ್ಲಿ, ಅಂದರೆ ಒಬ್ಬರು ಮಗುವಿನ ಪಾತ್ರ ಮಾಡಿ, ಮತ್ತೆ ಮತ್ತೆ ಮಾಡಿ ನೋಡಬೇಕು. ಸಾಯಬೇಕು ಅನ್ನಿಸುತ್ತದಾ ಅಂತ ನೇರವಾಗಿ ಕೇಳುವುದಕ್ಕೂ ಇದೇ ಅಭ್ಯಾಸ ಬೇಕು. ಕೇಳಿದರೆ ತಲೆಯಲ್ಲಿ ಹುಳ ಬಿಟ್ಟ ಹಾಗಾಗುತ್ತದೆ ಅಂತ ಬಹಳ ಜನ ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ.

ಎಲ್ಲಿ ಕಲಿಯಬೇಕು ಅಂದರೆ, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ 2020ರಿಂದ 'ಸಂವಾದ್' ಇದೆ. ಸಂಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೇ ಇರುವ ರಾಷ್ಟ್ರೀಯ ಕೇಂದ್ರ. ಕೈಪಿಡಿ, ಚಟುವಟಿಕೆಗಳು ಜಾಲತಾಣದಲ್ಲಿ ಉಚಿತ. ಇವತ್ತೇ ಓದಲು ಶುರು ಮಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ಹತ್ತಿರ. ಔಷಧಿ ಬೇಕಾಗುವ ಮಕ್ಕಳನ್ನು ಕಳಿಸಲು ಅಲ್ಲಿಯ ದಾರಿ ಗೊತ್ತಿರಲಿ.

ಇಳಕಲ್ ಮಾಸ್ತರ:

ಅಕ್ಕಾರ ಮಾತು ನೂರಕ್ಕೆ ನೂರು ಖರೆ. ನಾನು ಹೈಸ್ಕೂಲು ಶಿಕ್ಷಕ. ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾ ಮಾಡಿದ್ದೇನೆ. ಒಂದು ವರ್ಷದ್ದು. 6 ತಿಂಗಳು ಮನೆಯಿಂದಲೇ ಓದು, 3 ತಿಂಗಳು ಕೇಂದ್ರದಲ್ಲಿ ಎದುರಾಬದುರು ಪಾಠ, ಕೊನೆಯ 3 ತಿಂಗಳು ನಮ್ಮ ಊರಲ್ಲೇ ಇಂಟರ್ನ್‌ಶಿಪ್. ನಮಗೆ ಹತ್ತಿರದ್ದು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಮನೆ ಬಿಟ್ಟಿರುವುದು ಆ ಮೂರು ತಿಂಗಳು ಮಾತ್ರ. ಯಾರು ಸೇರಬಹುದು ಅನ್ನುವುದನ್ನು ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಆನ್‌ಲೈನ್ ವಿಷಯ: ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನ ಪದವಿಗಳನ್ನು ದೂರಶಿಕ್ಷಣ, ಆನ್‌ಲೈನ್‌ನಲ್ಲಿ ನಡೆಸಬಾರದು ಅಂತ ನಿಲ್ಲಿಸಿದೆ. ದುಡ್ಡು ಕಟ್ಟುವ ಮೊದಲು ಮಾನ್ಯತೆ ಕೇಳಿ. ಹಾಗೇ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇಲ್ಲದೆ "ಕ್ಲಿನಿಕಲ್ ಸೈಕಾಲಜಿಸ್ಟ್" ಅಂತ ಬೋರ್ಡ್ ಹಾಕಿಕೊಳ್ಳಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಜಮಖಂಡಿ ಮಗಳು:

ಅಕ್ಕಾ, ಸರ್, ಎಲ್ಲರಿಗೂ ಥ್ಯಾಂಕ್ಸ್. ಅವ್ವನ ವಿಷಯ ನನಗೆ ಹೊಳೆದೇ ಇರಲಿಲ್ಲ. ಆಶಾ ಕಾರ್ಯಕರ್ತೆ ನಂಬರ್ ಹುಡುಕುತ್ತಿದ್ದೇನೆ. ಮುಂದಿನ ವರ್ಷ ಮೈಸೂರಿನ ಕೋರ್ಸಿಗೆ ಅರ್ಜಿ ಹಾಕುತ್ತೇನೆ. ಅಲ್ಲಿಯವರೆಗೆ ನನ್ನ ಹಾಳೆಗಳನ್ನು ಯಾರು ನೋಡುತ್ತಾರೆ? ಮತ್ತೆ, ತಾಂಡಾದಿಂದ ಬಂದ ಇಬ್ಬರು ಚಿಕ್ಕ ಮಕ್ಕಳು ಲಂಬಾಣಿ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಅವರ ಕ್ಲಾಸಿನ ಹುಡುಗಿಯನ್ನು ಜೊತೆಗೆ ಕೂರಿಸಿಕೊಳ್ಳಬಹುದಾ?

ಟಿಳಕವಾಡಿ ಅಕ್ಕ (ಬೆಳಗಾವಿ):

ಸಹಪಾಠಿಯನ್ನು ಕೂರಿಸಬೇಡ ತಂಗಿ. ಸಂಜೆಗೆ ಇಡೀ ಹಾಸ್ಟೆಲಿಗೆ ಗೊತ್ತಾಗುತ್ತದೆ. ಆ ಭಾಷೆ ಬಲ್ಲ ಶಿಕ್ಷಕಿ ಅಥವಾ ಅಡುಗೆಯ ಅಕ್ಕ ಇದ್ದರೆ, ಕೇಳಿದ್ದನ್ನು ಹೊರಗೆ ಆಡುವುದಿಲ್ಲ ಅಂತ ಮೊದಲು ಮಾತು ತೆಗೆದುಕೊಂಡು ಕೂರಿಸು. ಅದಕ್ಕೂ ಮುಂಚೆ ಮಾತೇ ಬೇಡ. ನೆಲದ ಮೇಲೆ ಚೌಕಾಬಾರ ಮನೆ ಬರೆದು ಕವಡೆ ಕೊಡು, ಇಲ್ಲದಿದ್ದರೆ ಬಣ್ಣದ ಪೆನ್ಸಿಲು. ಅವರು ಗೆದ್ದಾಗ ಏನು ಮಾಡುತ್ತಾರೆ, ಸೋತಾಗ ಯಾರ ಕಡೆ ನೋಡುತ್ತಾರೆ, ಅಷ್ಟನ್ನೇ ಬರೆದಿಟ್ಟುಕೊ.

ಹಾಳೆಗಳನ್ನು ನಾನು ನೋಡುತ್ತೇನೆ. ಇಲ್ಲಿ ಹಾಕಬೇಡ, ವಾಟ್ಸಾಪಿನಲ್ಲೂ ಬೇಡ. ಮೊದಲು ನಿಮ್ಮ ಮುಖ್ಯ ಶಿಕ್ಷಕಿಯ ಒಪ್ಪಿಗೆ ಬರಹದಲ್ಲಿ ತಗೊಂಡು ನನಗೆ ಮೆಸೇಜ್ ಮಾಡು. ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನ ನನಗೆ ಬಿಡುವಿದೆ, ಬೆಳಗಾವಿಗೇ ಬಾ. ರಾತ್ರಿ ಹೊತ್ತು ಯಾವ ಮಗುವಿನ ಬಗ್ಗೆಯಾದರೂ ತಡೆಯಲಾರದಷ್ಟು ಚಿಂತೆಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಟೆಲಿ ಮಾನಸ್‌ಗೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ.