ಹಳೆ ಪಿಕಪ್‌ನಲ್ಲಿ ‘ಧಡ್’ ಶಬ್ದ, ಬೆಳಿಗ್ಗೆ ಮಿಸ್ಸಿಂಗ್: ಬೋರ್ ಕೆಲಸ ಬೇಕೇ ಬೇಕಾ?

ಪ್ರಶ್ನೆ (ಬಿಬ್ವೇವಾಡಿ, ಪುಣೆ): ಎಲ್ಲರಿಗೂ ನಮಸ್ಕಾರ. ಭೋಸರಿಯ ಮೆಕ್ಯಾನಿಕ್ ಅಣ್ಣನಿಗೆ ಈ ಪ್ರಶ್ನೆ. ನಮ್ಮದು ಹಳೆಯ ಡೀಸೆಲ್ ಪಿಕಪ್, ನಾಲ್ಕು ಸಿಲಿಂಡರ್, ಎರಡೂವರೆ ಲೀಟರ್ ಇಂಜಿನ್. ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನಿಂದ ತರಕಾರಿ ಹೊಡೆಯುತ್ತೇವೆ. ಆಗಾಗ ಖಂಬಾಟ್ಕಿ ಘಾಟ್ ಹತ್ತಿ ಸಾತಾರಾ ಕಡೆಗೂ ಹೋಗುತ್ತದೆ.

ತೊಂದರೆ ಎರಡು. ಬೆಳಗಿನ ಜಾವ ಸೆಲ್ಫ್ ಬಹಳ ಹೊತ್ತು ತಿರುಗಬೇಕು. ಸ್ಟಾರ್ಟ್ ಆದ ಮೇಲೂ ಮಿಸ್ಸಿಂಗ್ (ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದೆ ಇಂಜಿನ್ ತಡವರಿಸುವುದು), ಕ್ಯಾಬಿನ್ ಪೂರ್ತಿ ನಡುಗುತ್ತದೆ, ಬಿಳಿ ಹೊಗೆ. ಇಂಜಿನ್ ಬಿಸಿಯಾದರೆ ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಎರಡನೆಯದು, ಲೋಡ್ ಇದ್ದಾಗ ಫಸ್ಟ್ ಗೇರ್‌ನಲ್ಲಿ ಕ್ಲಚ್ ಬಿಟ್ಟ ಕೂಡಲೇ ಸೀಟಿನ ಕೆಳಗೆ ‘ಧಡ್’ ಅಂತ ಒಂದೇ ಏಟು. ಒಂದು ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಎರಡನ್ನೂ ಬದಲಿಸಿದರು. ಶಬ್ದ ಹಾಗೇ ಇದೆ. ಇನ್ನೊಬ್ಬರು ಇಂಜಿನ್ ಇಳಿಸಿ ಬೋರ್ ಮಾಡಿಸಿ (ಸವೆದ ಸಿಲಿಂಡರ್ ಒಳಮೈ ಕೊರೆಸಿ ಸರಿ ಮಾಡಿಸಿ) ಅಂತಿದ್ದಾರೆ. ಸೀಸನ್ ನಡೆಯುತ್ತಿದೆ, ಗಾಡಿ ನಿಂತರೆ ಹೊಟ್ಟೆಪಾಡಿಗೇ ಕಷ್ಟ. ಏನು ಮಾಡಲಿ?

ಮೆಕ್ಯಾನಿಕ್ (ಭೋಸರಿ): ಬೋರ್ ಮಾತು ಸದ್ಯಕ್ಕೆ ಬಿಡಿ. ಮೊದಲು ಇಷ್ಟು ಹೇಳಿ. ಹೊಗೆಯ ವಾಸನೆ ಹೇಗಿದೆ, ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆಯಾ? ರೇಡಿಯೇಟರ್ ನೀರು ಇಳಿಯುತ್ತಾ? ಇಂಜಿನ್ ಆಯಿಲ್ ಕುಡಿಯುತ್ತಾ? ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬ್ಯಾಕ್ ಕಂಪ್ರೆಷನ್, ಅಂದರೆ ಒಳಗಿನ ಗಾಳಿ, ಜೋರಾಗಿ ಹೊರಗೆ ಬರುತ್ತಾ? ರಿವರ್ಸ್‌ನಲ್ಲೂ ಧಡ್ ಇದೆಯಾ? ಡೀಸೆಲ್ ಪಂಪ್‌ನಿಂದ ನಾಲ್ಕು ಸಣ್ಣ ಸ್ಟೀಲ್ ಪೈಪ್ ನೇರವಾಗಿ ನಾಲ್ಕು ಇಂಜೆಕ್ಟರ್‌ಗೆ (ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಹೋಗಿವೆಯಾ, ಇಲ್ಲಾ ನಡುವೆ ದಪ್ಪ ಕೊಳವೆ ಒಂದಿದ್ದು, ಪ್ರತಿ ಇಂಜೆಕ್ಟರ್ ಮೇಲೂ ವೈರ್ ಇದೆಯಾ? ಈ ಕೊನೇ ಪ್ರಶ್ನೆ ಮುಖ್ಯ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಪ್ರಶ್ನೆ ಕೇಳಿದವರು: ಹಸಿ ಡೀಸೆಲ್ ವಾಸನೆಯೇ ಅಣ್ಣಾ, ಕಣ್ಣು ಉರಿಯುತ್ತದೆ. ನೀರು ಇಳಿದಿಲ್ಲ. ಆಯಿಲ್ ಮೇಲೆ ಹಾಕುವ ಪ್ರಮೇಯ ಬಂದಿಲ್ಲ. ಮುಚ್ಚಳ ತೆಗೆದು ನೋಡಿದೆ, ಸ್ವಲ್ಪ ಹಬೆ ಅಷ್ಟೇ. ರಿವರ್ಸ್‌ನಲ್ಲೂ ಧಡ್ ಇದೆ. ಪಂಪ್‌ನಿಂದ ನೇರ ನಾಲ್ಕು ಪೈಪ್, ವೈರ್ ಯಾವುದೂ ಇಲ್ಲ.

ಮೆಕ್ಯಾನಿಕ್ (ಭೋಸರಿ): ಒಳ್ಳೇದಾಯ್ತು. ಬೋರ್ ಸವೆದ ಇಂಜಿನ್ ಆಯಿಲ್ ಸುಡುತ್ತದೆ, ನೀಲಿ ಹೊಗೆ ಬಿಡುತ್ತದೆ, ಮುಚ್ಚಳದಿಂದ ದಬದಬ ಅಂತ ಗಾಳಿ ಎಸೆಯುತ್ತದೆ. ನಿಮ್ಮದರಲ್ಲಿ ಇದ್ಯಾವುದೂ ಇಲ್ಲ. ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಹಾಕದೆ ಬೋರ್ ಅನ್ನುವವರ ಹತ್ತಿರ ಗಾಡಿ ಬಿಡಬೇಡಿ. ಗೇಜ್ ಹಾಕುವುದು ಅರ್ಧ ದಿನದ ಕೆಲಸವೂ ಅಲ್ಲ. ಚೆನ್ನಾಗಿರುವ ಡೀಸೆಲ್ ಇಂಜಿನ್ ಸಾಮಾನ್ಯವಾಗಿ 25ರಿಂದ 30 ಬಾರ್ ತೋರಿಸುತ್ತದೆ. ಅದಕ್ಕಿಂತ ಮುಖ್ಯ, ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಒಂದೇ ತೋರಿಸಬೇಕು.

ಮಿಸ್ಸಿಂಗ್ ಬೇರೆ, ಧಡ್ ಬೇರೆ. ಲೆಕ್ಕ ಹಾಕಿ ನೋಡಿ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ಓಡುವಾಗ, ಇಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಒಂದು ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 6 ಸಲ. ಒಂದು ಸತ್ತರೆ ಗಾಡಿ ಅದೇ ಲೆಕ್ಕದಲ್ಲಿ ಕುಲುಕುತ್ತದೆ. ನಿಮ್ಮ ಧಡ್ ಒಂದೇ ಏಟು, ಅದೂ ಕ್ಲಚ್ ಬಿಟ್ಟಾಗ. ಅಲ್ಲಿ ಎಲ್ಲೋ ಸಡಿಲ ಇದೆ, ಜೋರು ಬಿದ್ದಾಗ ಆ ಸಂದು ಮುಚ್ಚಿಕೊಳ್ಳುತ್ತದೆ. ಆದರೆ ಸಂಬಂಧವೇ ಇಲ್ಲ ಅಂತಲೂ ಅಲ್ಲ. ಮಿಸ್ಸಿಂಗ್ ಇರುವ ಇಂಜಿನ್ ದಿನವಿಡೀ ಕುಲುಕಿ, ಅದು ಕೂತಿರುವ ಮೌಂಟಿಂಗ್ ರಬ್ಬರ್ ಹರಿಯುತ್ತದೆ. ಈಗ ಹೊಸ ರಬ್ಬರ್ ಹಾಕಿದರೆ ಅದೂ ಬೇಗ ಹೋಗುತ್ತದೆ. ಅದಕ್ಕೇ ಮೊದಲು ಮಿಸ್ಸಿಂಗ್ ಬಿಡಿಸಿ.

ಬೆಳಿಗ್ಗೆ ಮಾತ್ರ ಜಾಸ್ತಿ ಅಂದರೆ ನನ್ನ ಮೊದಲ ಅನುಮಾನ ಗಾಳಿ. ಲೈನ್‌ನಲ್ಲಿ ಸಣ್ಣ ಬಿರುಕಿದ್ದರೂ ಸಾಕು. ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ, ಆ ಜಾಗದಲ್ಲಿ ಗಾಳಿ ಸೇರುತ್ತದೆ. ನಾಳೆ ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಫಿಲ್ಟರ್ ಹತ್ತಿರದ ಹ್ಯಾಂಡ್ ಪಂಪ್ ಒತ್ತಿ. ಗಟ್ಟಿಯಾಗುವ ತನಕ ಒತ್ತಿ. ಆಮೇಲೆ ಸ್ಟಾರ್ಟ್ ಮಾಡಿ. ಒಂದೇ ಸಲಕ್ಕೆ ಹಿಡಿದು, ಮಿಸ್ಸಿಂಗ್ ಕಡಿಮೆಯಾದರೆ ಗಾಳಿಯೇ ಕಳ್ಳ. ಏನೂ ವ್ಯತ್ಯಾಸ ಇಲ್ಲದಿದ್ದರೆ ನಾಝಲ್ (ಇಂಜೆಕ್ಟರ್ ತುದಿ), ಟ್ಯಾಪೆಟ್ (ವಾಲ್ವ್ ಸಂದು), ಕಂಪ್ರೆಷನ್ ಕಡೆ ಹೋಗೋಣ. ಫಿಲ್ಟರ್ ಕೆಳಗಿನ ಸ್ಕ್ರೂ ಬಿಚ್ಚಿ ನೀರನ್ನೂ ಬಿಟ್ಟುಬಿಡಿ. ಮಳೆಗಾಲದಲ್ಲಿ ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಪಂಪ್ ರಿಪೇರಿಗೆ ಸಾವಿರಗಟ್ಟಲೆ ಎಣಿಸುತ್ತಾರೆ.

ಗಾಳಿ ಎಲ್ಲಿಂದ ಅಂತ ಹುಡುಕಲು ಫಿಲ್ಟರ್‌ಗೆ ಬರುವ ಲೈನ್‌ನಲ್ಲಿ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಕೂರಿಸಿ. ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಗುಳ್ಳೆ ಇದ್ದರೆ ತೂತು ಟ್ಯಾಂಕ್ ಕಡೆ. ಅಲ್ಲಿ ಇಲ್ಲದೆ ಫಿಲ್ಟರ್ ದಾಟಿದ ಮೇಲೆ ಇದ್ದರೆ ಫಿಲ್ಟರ್ ಸೀಲ್, ಹ್ಯಾಂಡ್ ಪಂಪ್, ತಾಮ್ರದ ವಾಷರ್ ನೋಡಬೇಕು. ಹೊರಗೆ ಡೀಸೆಲ್ ಸೋರಲೇಬೇಕು ಅಂತಿಲ್ಲ. ಪಂಪ್ ಎಳೆಯುವ ಬದಿಯಲ್ಲಿ ತೂತಿದ್ದರೆ ಗಾಳಿ ಒಳಗೆ ಹೋಗುತ್ತದೆ ಅಷ್ಟೇ, ಹೊರಗೆ ಒಣಗಿರುತ್ತದೆ.

ಸದಸ್ಯರೊಬ್ಬರು (ಡೊಂಬಿವಲಿ): ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ ಅಣ್ಣಾ. ನಮ್ಮ ಪಿಕಪ್ ಪೆಟ್ರೋಲ್-ಸಿಎನ್‌ಜಿ. ಮಳೆ ಬಂದರೆ ಮಿಸ್ಸಿಂಗ್, ಅದೂ ಸಿಎನ್‌ಜಿಯಲ್ಲಿ ಮಾತ್ರ.

ಮೆಕ್ಯಾನಿಕ್ (ಭೋಸರಿ): ನಿಮ್ಮ ಕಥೆಯೇ ಬೇರೆ. ಗ್ಯಾಸಿಗೆ ಕಿಡಿ ಹಚ್ಚಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್, ಕಾಯಿಲ್, ಪ್ಲಗ್ ವೈರ್ ಸ್ವಲ್ಪ ದುರ್ಬಲವಾದರೂ ಮೊದಲು ಗೊತ್ತಾಗುವುದು ಸಿಎನ್‌ಜಿಯಲ್ಲೇ. ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು ಇಂಜಿನ್ ಓಡಿಸಿ, ವೈರ್ ಸುತ್ತ ನೀಲಿ ಕಿಡಿ ಹಾರುತ್ತಾ ನೋಡಿ. ಕೈ ಹಾಕಬೇಡಿ. ಅದೆಲ್ಲ ಸರಿಯಿದ್ದರೆ ಮಾತ್ರ ಗ್ಯಾಸ್ ಫಿಲ್ಟರ್, ರೆಗ್ಯುಲೇಟರ್ ಕಡೆ ಹೋಗಿ, ಅದೂ ಸಿಎನ್‌ಜಿ ಕೆಲಸ ಗೊತ್ತಿರುವವರ ಹತ್ತಿರ.

ಪ್ರಶ್ನೆ ಕೇಳಿದವರು: ಅಣ್ಣಾ, ಹ್ಯಾಂಡ್ ಪಂಪ್ ಒತ್ತಿ ಸ್ಟಾರ್ಟ್ ಮಾಡಿದೆ. ಕೀಲಿ ತಿರುಗಿಸಿದ ಕೂಡಲೇ ಹಿಡೀತು! ಪಾರದರ್ಶಕ ಪೈಪ್‌ನಲ್ಲಿ ಗುಳ್ಳೆ ಸರಸರ ಹೋಗುತ್ತಿತ್ತು. ಟ್ಯಾಂಕ್ ಮೇಲಿನ ರಬ್ಬರ್ ಪೈಪ್, ಕ್ಲಿಪ್ ಕೆಳಗೆ ಸೀಳಿತ್ತು. ಬದಲಿಸಿದೆ. ಬೆಳಗಿನ ತಕರಾರು, ಹೊಗೆ ಎರಡೂ ಹೋದವು. ಆದರೆ ಐಡಲ್‌ನಲ್ಲಿ ಇನ್ನೂ ಸ್ವಲ್ಪ ಮಿಸ್ಸಿಂಗ್ ಇದೆ. ಧಡ್ ಕೂಡ ಇದೆ.

ಮೆಕ್ಯಾನಿಕ್ (ಭೋಸರಿ): ಈಗ ಯಾವ ಸಿಲಿಂಡರ್ ಅಂತ ಹಿಡಿಯೋಣ. ಇಂಜಿನ್ ಐಡಲ್‌ನಲ್ಲಿ ಓಡಲಿ. ಇಂಜೆಕ್ಟರ್ ಮೇಲಿನ ಪೈಪ್ ನಟ್ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ. ಒಂದಾದ ಮೇಲೆ ಒಂದು. ಕನ್ನಡಕ ಹಾಕಿಕೊಳ್ಳಿ, ನಟ್ ಮೇಲೆ ಬಟ್ಟೆ ಇರಲಿ, ಬಿಸಿ ಸೈಲೆನ್ಸರ್ ಮೇಲೆ ಡೀಸೆಲ್ ಬೀಳದಿರಲಿ. ಕೆಲಸ ಮಾಡುವ ಸಿಲಿಂಡರ್ ಸಡಿಲಿಸಿದರೆ ಇಂಜಿನ್ ವೇಗ ಇಳಿಯುತ್ತದೆ, ಕುಲುಕಾಟ ಜಾಸ್ತಿಯಾಗುತ್ತದೆ. ಯಾವುದನ್ನು ಸಡಿಲಿಸಿದರೂ ಏನೂ ಬದಲಾಗುವುದಿಲ್ಲವೋ ಅದೇ ಸತ್ತಿರುವುದು.

ಓದುತ್ತಿರುವ ಬೇರೆಯವರಿಗೆ: ಇದು ಹಳೆ ಮೆಕ್ಯಾನಿಕಲ್ ಪಂಪ್ ಗಾಡಿಗೆ ಮಾತ್ರ. ದಪ್ಪ ಕೊಳವೆ, ಇಂಜೆಕ್ಟರ್ ಮೇಲೆ ವೈರ್ ಇದ್ದರೆ ಅದು ಕಾಮನ್ ರೇಲ್. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಓಡುವ ಇಂಜಿನ್‌ನಲ್ಲಿ ನಟ್ ಸಡಿಲಿಸಿದರೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಬೆರಳೇ ತೆಗೆಯಬೇಕಾಗಬಹುದು. ಆ ಗಾಡಿಗೆ ಸ್ಕ್ಯಾನರ್ ಹಾಕಿಸಿ, ಇಂಜೆಕ್ಟರ್‌ನಿಂದ ವಾಪಸ್ ಬರುವ ರಿಟರ್ನ್ ಡೀಸೆಲ್ ಅಳೆಯಿಸಿ.

ಧಡ್ ವಿಷಯ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆಯಿರಿ. ಬಾನೆಟ್ ತೆಗೆದಿರಲಿ. ಒಬ್ಬರು ಬ್ರೇಕ್ ತುಳಿದು ಫಸ್ಟ್ ಹಾಕಿ ಕ್ಲಚ್ ಸ್ವಲ್ಪವೇ ಬಿಡಲಿ, ಆಮೇಲೆ ರಿವರ್ಸ್. ನೀವು ಪಕ್ಕದಲ್ಲಿ ನಿಂತು ಇಂಜಿನ್ ನೋಡಿ, ಮುಂದೆ ನಿಲ್ಲಬೇಡಿ. ಒಂದು ಬದಿ ಎದ್ದು ಕೂತರೆ ಮೌಂಟಿಂಗ್ ಹರಿದಿದೆ. ಇಂಜಿನ್ ಅಲ್ಲಾಡದೆ ಶಬ್ದ ಹಿಂದಿನಿಂದ ಬಂದರೆ, ಬಂದ್ ಮಾಡಿ, ಗೇರ್ ನ್ಯೂಟ್ರಲ್ ಮಾಡಿ, ಕೆಳಗೆ ಹೋಗಿ. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರದ ಕಡೆಗೆ ಹೋಗುವ ಪ್ರೊಪೆಲರ್ ಶಾಫ್ಟ್‌ನ ಕ್ರಾಸ್ (ಕೀಲು) ಎರಡೂ ಕಡೆ ಹಿಡಿದು ತಿರುಚಿ ನೋಡಿ. ಸ್ವಲ್ಪ ಆಟವಾಡಿದರೂ, ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೂ ಅದು ಹೋಯ್ತು. ಸೆಂಟರ್ ಬೇರಿಂಗ್ ರಬ್ಬರ್, ಗ್ರೀಸ್ ಕಾಣದ ಸ್ಲೀವ್ ಕೂಡ ಇದೇ ಶಬ್ದ ಕೊಡುತ್ತವೆ. ಶಾಫ್ಟ್ ಬಿಚ್ಚುವ ಮೊದಲು ಎರಡು ಕಡೆ ಪೇಂಟ್ ಗುರುತು ಹಾಕಿ. ತಿರುಗಿಸಿ ಕೂರಿಸಿದರೆ ಹೊಸ ನಡುಕ ಕೊಂಡುಕೊಂಡ ಹಾಗೆ.

ಸದಸ್ಯರೊಬ್ಬರು (ಫೋಂಡಾ, ಗೋವಾ): ನಮ್ಮ ಗಾಡಿಗೆ ಅನ್ಮೋಡ್ ಘಾಟ್ ಇಳಿಯುವಾಗ ಬ್ರೇಕ್ ತುಳಿದರೆ ಹಿಂದೆ ಧಡ್ ಅನ್ನುತ್ತದೆ. ಇದೂ ಮೌಂಟಿಂಗಾ?

ಮೆಕ್ಯಾನಿಕ್ (ಭೋಸರಿ): ಅಲ್ಲ. ಬ್ರೇಕಿಗೆ ಹಿಂದೆ ಏಟು ಅಂದರೆ ಕಮಾನ್ ಪಾಟಾ (ಲೀಫ್ ಸ್ಪ್ರಿಂಗ್) ನೋಡಿ. ಯು ಬೋಲ್ಟ್ ಸಡಿಲವಾಗಿರಬಹುದು, ಸೆಂಟರ್ ಬೋಲ್ಟ್ ಕಡಿದಿರಬಹುದು. ಚಕ್ರ ನೇರ ಮಾಡಿ, ಮುಂದಿನ ಹಬ್ ನಡುವಿನಿಂದ ಹಿಂದಿನ ಹಬ್ ನಡುವಿಗೆ ಟೇಪ್ ಹಿಡಿಯಿರಿ, ಎರಡೂ ಬದಿ. ಅಳತೆಯಲ್ಲಿ ವ್ಯತ್ಯಾಸ ಎದ್ದು ಕಂಡರೆ ಹಿಂದಿನ ಆಕ್ಸಲ್ ಹೌಸಿಂಗ್ ಜರುಗಿದೆ. ಸರಿಯಾಗುವ ತನಕ ಲೋಡ್ ಹಾಕಿ ಘಾಟ್ ಇಳಿಯಬೇಡಿ.

ಪ್ರಶ್ನೆ ಕೇಳಿದವರು: ಮೂರನೇ ಸಿಲಿಂಡರ್ ಅಣ್ಣಾ, ಸಡಿಲಿಸಿದರೂ ಏನೂ ಆಗಲಿಲ್ಲ. ಆ ಇಂಜೆಕ್ಟರ್ ಸುತ್ತ ಕಪ್ಪು ಮಸಿಯೂ ಕಟ್ಟಿದೆ. ಕ್ಲಚ್ ಬಿಟ್ಟಾಗ ಇಂಜಿನ್ ಒಂದು ಬದಿ ಒಂದು ಬೆರಳಷ್ಟು ಎದ್ದು ಧಡ್ ಅಂತ ಕೂರುತ್ತದೆ. ಕ್ರಾಸ್ ಚೆನ್ನಾಗಿದೆ. ರಬ್ಬರ್ ತರಲು ನಾನಾ ಪೇಟೆಗೆ ಹೊರಟಿದ್ದೇನೆ. ಹರಿದ ಬದಿಯದ್ದು ಮಾತ್ರ ಸಾಕಾ?

ಮೆಕ್ಯಾನಿಕ್ (ಭೋಸರಿ): ಎರಡೂ ಬದಿ ತನ್ನಿ, ಗೇರ್ ಬಾಕ್ಸಿನದ್ದೂ ತನ್ನಿ. ಹಳೇದನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗಿ. ಎತ್ತರ, ಬೋಲ್ಟ್ ತೂತು ಎರಡನ್ನೂ ಅಂಗಡಿಯಲ್ಲೇ ಪಕ್ಕದಲ್ಲಿಟ್ಟು ನೋಡಿ. ಉಗುರು ಒತ್ತಿದರೆ ಕಲ್ಲಿನಂತಿರುವ ಅಗ್ಗದ ರಬ್ಬರ್ ಬೇಡ, ಕ್ಯಾಬಿನ್ ನಡುಗುತ್ತದೆ. ಬಿಚ್ಚುವಾಗ ಜ್ಯಾಕ್ ಮತ್ತು ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ನಡುವೆ ಮರದ ಹಲಗೆ ಇರಲಿ, ಇಲ್ಲದಿದ್ದರೆ ಚೇಂಬರ್ ತಗ್ಗು ಬೀಳುತ್ತದೆ.

ಮಸಿ ಅಂದರೆ ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್‌ನಿಂದ ಕಂಪ್ರೆಷನ್ ಸೋರುತ್ತಿದೆ. ನಾಲ್ಕೂ ಇಂಜೆಕ್ಟರ್ ಬಿಚ್ಚಿ ಪಂಪ್ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ. ನಾಝಲ್ ಮಂಜಿನಂತೆ ಸಿಂಪಡಿಸಬೇಕು, ಹನಿ ಇಳಿಯಬಾರದು. ಕೂರಿಸುವಾಗ ಹೊಸ ವಾಷರ್, ಹಳೇದನ್ನು ಉಜ್ಜಿ ಹಾಕಲು ಬಿಡಬೇಡಿ. ಇಂಜೆಕ್ಟರ್ ಹೊರಗಿರುವಾಗಲೇ ಆ ತೂತಿನಲ್ಲಿ ಕಂಪ್ರೆಷನ್ ಗೇಜ್ ಹಾಕಿಸಿಬಿಡಿ. ನಾಲ್ಕರ ರೀಡಿಂಗ್ ಬರೆದು ಇಲ್ಲಿ ಹಾಕಿ, ಮೂರನೆಯದು ಕಡಿಮೆ ಬಂದರೆ ಆಗ ಹೆಡ್ ಬಿಚ್ಚುವ ಮಾತಾಡೋಣ.