ಮ್ಯಾರಥಾನಿಗೆ ಇನ್ನು ಏಳೇ ದಿನ: ಒಮ್ಮೆ ಮೂವತ್ತು ಕಿಲೋಮೀಟರ್ ಓಡಿ ನೋಡಲೇ?

ಪ್ರಶ್ನೆ: ನೀರ್ಚಾಲಿನ ಶಾಲಾ ಅಧ್ಯಾಪಕ, 44 ವರ್ಷ

ಡಾಕ್ಟರೇ, ನಮಸ್ಕಾರ. ಬರುವ ಭಾನುವಾರ ಮುಂಬೈಯಲ್ಲಿ ನನ್ನ ಮೊದಲ ಪೂರ್ಣ ಮ್ಯಾರಥಾನ್. ಐದು ತಿಂಗಳಿನಿಂದ ಬೆಳಗ್ಗೆ ಐದಕ್ಕೆ ಎದ್ದು ಬದಿಯಡ್ಕ ರಸ್ತೆಯಲ್ಲಿ ಓಡುತ್ತಿದ್ದೇನೆ. ವಾರಕ್ಕೆ ಸುಮಾರು 45 ಕಿಲೋಮೀಟರ್. ನಾಲ್ಕು ವಾರಗಳ ಹಿಂದೆ 30 ಕಿಲೋಮೀಟರ್ ಮುಗಿಸಿದ್ದೆ. ಆಮೇಲೆ ಜ್ವರ ಬಂದು ಐದು ದಿನ ಮಲಗಿದೆ. ಕೊನೆಯ ದೀರ್ಘ ಓಟ ತಪ್ಪಿತು. ಜ್ವರ ಬಿಟ್ಟು ಈಗ ಹತ್ತು ದಿನಗಳಾದವು. ಮಂಗಳವಾರ ಒಮ್ಮೆ 30 ಕಿಲೋಮೀಟರ್ ಓಡಿ ನೋಡಿದರೆ ಧೈರ್ಯ ಬಂದೀತೇ? ಎರಡು ದಿನಗಳಿಂದ ಎಡಗಾಲಿನ ಮುಂಗಾಲೆಲುಬಿನ ಬಳಿ ಸಣ್ಣ ನೋವೂ ಇದೆ. ನನ್ನ ತೂಕ 60 ಕಿಲೋ. ಗುರುವಾರದ ನೇತ್ರಾವತಿ ರೈಲಿಗೆ ಟಿಕೆಟ್ ಆಗಿದೆ.

ಉತ್ತರ: ಫಿಸಿಯೋಥೆರಪಿಸ್ಟ್, ಕಾಸರಗೋಡು

ಮಾಷ್ಟ್ರೇ, ಮಂಗಳವಾರದ ಆ ಓಟ ಬೇಡವೇ ಬೇಡ. ಇಂದು ಮಾಡಿದ ವ್ಯಾಯಾಮ ಮೈಗೆ ಹತ್ತಲು ಹತ್ತು ದಿನಗಳಾದರೂ ಬೇಕು. 30 ಕಿಲೋಮೀಟರಿನ ಆಯಾಸವಾದರೋ ಮರುದಿನವೇ ಬಂದು ತೊಡೆಯಲ್ಲಿ ಕೂರುತ್ತದೆ. ಧೈರ್ಯ ಬೇಕಾದರೆ ಐದು ತಿಂಗಳಲ್ಲಿ ಓಡಿದ ದಿನಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಐದು ದಿನ ಮಲಗಿದ ಮಾತ್ರಕ್ಕೆ ಅದೆಲ್ಲ ಕರಗಿ ಹೋಗುವುದಿಲ್ಲ.

ನನಗೆ ಹೆಚ್ಚು ಕಾಳಜಿ ಇರುವುದು ನಿಮ್ಮ ಜ್ವರದ ಬಗ್ಗೆ. ವೈರಸ್ ಜ್ವರ ಕೆಲವೊಮ್ಮೆ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತದೆ. ನಾಳೆ ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲು ಒಂದು ನಿಮಿಷ ಪೂರ್ತಿ ನಾಡಿ ಎಣಿಸಿ. ಮೊದಲಿಗಿಂತ ಹತ್ತು ಬಡಿತ ಹೆಚ್ಚಿದ್ದರೆ, ಎದೆಯಲ್ಲಿ ನೋವು ಅಥವಾ ಬಿಗಿತ ಇದ್ದರೆ, ಮೆಟ್ಟಿಲು ಹತ್ತುವಾಗ ಹಿಂದೆಂದೂ ಇಲ್ಲದ ಏದುಸಿರು ಬಂದರೆ ಓಟವನ್ನು ಪಕ್ಕಕ್ಕಿಡಿ. ಹೃದಯದ ವೈದ್ಯರನ್ನು ಕಂಡು ಇಸಿಜಿ ಮಾಡಿಸಿ. ಇದರಲ್ಲಿ ನಾನು ಒಂದಿಷ್ಟೂ ಸಡಿಲ ಬಿಡುವುದಿಲ್ಲ.

ಇನ್ನು ಕಾಲು. ಕುರ್ಚಿಯಲ್ಲಿ ಕುಳಿತು, ಮೊಣಕಾಲಿನಿಂದ ಹರಡಿನ ತನಕ ಎಲುಬಿನ ಒಳ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತ ಇಳಿಯಿರಿ. ನೋವು ನಾಲ್ಕು ಬೆರಳಗಲಕ್ಕಿಂತ ಹೆಚ್ಚು ಉದ್ದಕ್ಕೆ ಹರಡಿದ್ದರೆ ಅದು ಸಾಮಾನ್ಯವಾಗಿ ಸ್ನಾಯುವಿನ ಸೆಳೆತ. ಓಟ ಕಡಿಮೆ ಮಾಡಿದರೆ ಇಳಿಯುತ್ತದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ‘ಅಯ್ಯೋ’ ಎನ್ನುವಂತಿದ್ದರೆ, ಒಂಟಿ ಕಾಲಿನಲ್ಲಿ ಕುಪ್ಪಳಿಸಿದಾಗ ಅಲ್ಲಿಯೇ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಎಲುಬಿನಲ್ಲಿ ಕೂದಲೆಳೆಯಂತಹ ಬಿರುಕು ಇರಬಹುದು. ಮೊದಮೊದಲು ಅದು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಹಿಂದೊಮ್ಮೆ ಒಬ್ಬ ಹುಡುಗ ಇಂತಹ ನೋವಿನ ಮೇಲೆಯೇ ಓಡಿ, ಮೂರು ತಿಂಗಳು ಊರುಗೋಲು ಹಿಡಿದು ನನ್ನಲ್ಲಿಗೆ ಬರುತ್ತಿದ್ದ. ಅವನ ಮುಖ ನೆನಪಾಗಿಯೇ ಇಷ್ಟು ಉದ್ದ ಬರೆದೆ. ಪರೀಕ್ಷಿಸಿ ಇಲ್ಲಿಯೇ ತಿಳಿಸಿ.

ಎರಡೂ ಸರಿ ಇದ್ದರೆ ಮಂಗಳವಾರ ಆರು ಕಿಲೋಮೀಟರ್ ನಿಧಾನವಾಗಿ ಓಡಿ, ಕೊನೆಗೆ 20 ಸೆಕೆಂಡಿನಂತೆ ನಾಲ್ಕು ಬಾರಿ ತುಸು ಚುರುಕಾಗಿ. ಗುರುವಾರ ಬೆಳಗ್ಗೆ ನಾಲ್ಕು ಕಿಲೋಮೀಟರ್, ಶನಿವಾರ ಮುಂಬೈಯಲ್ಲಿ ಕಾಲು ಗಂಟೆ. ಉಳಿದ ದಿನ ವಿಶ್ರಾಂತಿ. ಓಟದ ಮುನ್ನಾ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ, ಅದಕ್ಕೆ ಹೆದರಬೇಡಿ. ಅದರ ಹಿಂದಿನ ರಾತ್ರಿಗಳನ್ನು ಕಾಪಾಡಿಕೊಳ್ಳಿ. ಈಗ ಯಕ್ಷಗಾನ ಮೇಳಗಳು ತಿರುಗಾಟದಲ್ಲಿವೆ, ಹತ್ತಿರದಲ್ಲೇ ಆಟ ಇರಬಹುದು. ಈ ಒಂದು ವಾರ ಚೆಂಡೆಯ ಸದ್ದು ಕೇಳಿದರೂ ಮಲಗಿಬಿಡಿ.

ಪ್ರಶ್ನೆ: ಅದೇ ಅಧ್ಯಾಪಕ

ಊಟ ಹೇಗೆ, ಡಾಕ್ಟರೇ? ‘ಕೊನೆಯ ಎರಡು ದಿನ ಅನ್ನವನ್ನೇ ತಿನ್ನಿ’ ಎನ್ನುತ್ತಾರೆ. ನಮ್ಮದು ಮೂರು ಹೊತ್ತೂ ಅನ್ನವೇ ಅಲ್ಲವೇ?

ಉತ್ತರ: ಫಿಸಿಯೋಥೆರಪಿಸ್ಟ್

ಅನ್ನ ಉಣ್ಣುವವರಿಗೆ ಇದು ಸುಲಭ, ಆದರೆ ಅಳತೆ ಬೇಕು. ಓಟದ ಹಿಂದಿನ ಒಂದೂವರೆ-ಎರಡು ದಿನ ತೂಕದ ಪ್ರತಿ ಕಿಲೋಗೆ 10 ಗ್ರಾಂನಂತೆ ಪಿಷ್ಟ, ಸಕ್ಕರೆ ಸೇರಬೇಕು ಎಂಬುದು ಕ್ರೀಡಾ ಆಹಾರದ ಲೆಕ್ಕ. ನಿಮಗೆ ದಿನಕ್ಕೆ 600 ಗ್ರಾಂ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ಮಧ್ಯಮ ಗಾತ್ರದ ಬಾಳೆಹಣ್ಣೊಂದರಲ್ಲಿ 25 ಗ್ರಾಂ ಇರುತ್ತದೆ. ಅಂದರೆ ಅರ್ಧ ಕಿಲೋ ಅಕ್ಕಿ, ಐದು ಬಾಳೆಹಣ್ಣು, ಒಂದು ದೊಡ್ಡ ತುಂಡು ಬೆಲ್ಲ (ಸುಮಾರು 90 ಗ್ರಾಂ). ಎರಡೇ ಊಟಕ್ಕೆ ಇಷ್ಟನ್ನು ತುಂಬಲು ಹೋಗಬೇಡಿ. ಆರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ಅಷ್ಟು ಹೋಗದಿದ್ದರೆ 600ರ ಬದಲು 500 ಗ್ರಾಂ ಪಿಷ್ಟ ಆದರೂ ಸಾಕು.

ಆ ಎರಡು ದಿನ ಕುಚ್ಚಿಲಕ್ಕಿಯ ಬದಲು ಬೆಳ್ತಿಗೆ ಅನ್ನ, ಇಡ್ಲಿ, ತೆಂಗಿನಕಾಯಿ ಕಡಿಮೆ ಹಾಕಿದ ಸೇಮಿಗೆ ತಿನ್ನಿ. ನಾರು ಕಡಿಮೆ, ಹೊಟ್ಟೆಗೆ ಹಗುರ. ಪುಟ್ಟಿನ ಜತೆಗಿನ ಕಡಲೆ, ಸೊಪ್ಪಿನ ಪಲ್ಯ, ನೇಂದ್ರದ ಚಿಪ್ಸ್ ಭಾನುವಾರ ಸಂಜೆಗಿರಲಿ. ರೈಲಿಗೆ ಮನೆಯ ಇಡ್ಲಿಯನ್ನೇ ಕಟ್ಟಿಕೊಳ್ಳಿ. ತೂಕ ಒಂದೆರಡು ಕಿಲೋ ಏರಿದರೆ ಗಾಬರಿಯಾಗಬೇಡಿ: ಸ್ನಾಯುವಿನಲ್ಲಿ ಒಂದು ಗ್ರಾಂ ಗ್ಲೈಕೋಜನ್ (ಮೈ ಕೂಡಿಡುವ ಪಿಷ್ಟ) ಕೂಡಿದಾಗ ಜತೆಗೆ ಸುಮಾರು ಮೂರು ಗ್ರಾಂ ನೀರು ನಿಲ್ಲುತ್ತದೆ.

ಮುಂಬೈಯ ಪೂರ್ಣ ಓಟ ನಸುಕಿನಲ್ಲೇ ಹೊರಡುತ್ತದೆ. ಹಾಗಾಗಿ ಮಂಗಳವಾರ ನೀವು ಮಾಡಬೇಕಾದ ತಾಲೀಮು ಬೇರೆಯೇ ಇದೆ: ಎರಡೂವರೆಗೆ ಎದ್ದು, ಭಾನುವಾರ ಏನು ತಿನ್ನುತ್ತೀರೋ ಅದನ್ನೇ ತಿಂದು, ಐದಕ್ಕೆ ಆ ಆರು ಕಿಲೋಮೀಟರ್ ಓಡಿ. ಹೊಟ್ಟೆ ಏನು ಹೇಳುತ್ತದೆ ಎಂದು ಮನೆಯ ಹತ್ತಿರವೇ ತಿಳಿದುಬಿಡಲಿ.

ಪ್ರಶ್ನೆ: ಕುಂಬಳೆಯ ಗೃಹಿಣಿ

ನಾನೂ ಅದೇ ದಿನ ಓಡುವವಳು. ಮುಟ್ಟು ಸರಿಯಾಗಿ ಶನಿವಾರ ಬರುವ ಲೆಕ್ಕ. ಹೊಟ್ಟೆನೋವಿಗೆ ಪ್ರತಿ ಬಾರಿ ಮಾತ್ರೆ ನುಂಗುತ್ತೇನೆ. ನುಂಗಿ ಓಡಬಹುದೇ?

ಉತ್ತರ: ಫಿಸಿಯೋಥೆರಪಿಸ್ಟ್

ಅಕ್ಕಾ, ಕೇಳಿದ್ದು ಬಹಳ ಒಳ್ಳೆಯದಾಯಿತು. ಮುಟ್ಟಾದರೆ ಓಡಬಾರದು ಎಂದೇನೂ ಇಲ್ಲ. ಮಾತ್ರೆ ಯಾವುದು ಎಂಬುದು ಮುಖ್ಯ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಒಂದೇ ಗುಂಪಿನವು. ಇವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ನಾಲ್ಕೈದು ಗಂಟೆ ಬೆವರು ಹರಿಯುವಾಗ ಅಲ್ಲಿ ಮೊದಲೇ ರಕ್ತ ಕಡಿಮೆ. ಭಾನುವಾರ ಬೆಳಗ್ಗೆ ಇವು ಬೇಡ. ಪ್ಯಾರಾಸಿಟಮಾಲ್ ನಿಮಗೆ ಆಗುತ್ತದೆಯೇ ಎಂದು ನಿಮ್ಮ ವೈದ್ಯರಲ್ಲಿ ಈ ವಾರವೇ ಕೇಳಿ. ಪ್ಯಾಡ್ ಉಜ್ಜುವ ಕಡೆ ವ್ಯಾಸಲೀನ್ ಧಾರಾಳವಾಗಿ ಹಚ್ಚಿಕೊಳ್ಳಿ.

ಪ್ರಶ್ನೆ: ಮಂಜೇಶ್ವರದ ಯುವಕ

ಸರ್, ಶನಿವಾರ ಐದಾರು ಲೀಟರ್ ನೀರು ಕುಡಿದಿಟ್ಟುಕೊಂಡರೆ ಒಳ್ಳೆಯದಲ್ಲವೇ? ಓಡುವಾಗ ಎಳನೀರು ಸಾಕೇ?

ಉತ್ತರ: ಫಿಸಿಯೋಥೆರಪಿಸ್ಟ್

ನೀರನ್ನು ಹಾಗೆ ಕೂಡಿಡಲು ಆಗುವುದಿಲ್ಲ ತಮ್ಮಾ. ಬರಿ ನೀರು ವಿಪರೀತವಾದರೆ ರಕ್ತದ ಸೋಡಿಯಂ ಇಳಿದು ಮೆದುಳು ಊದಿಕೊಳ್ಳುತ್ತದೆ. ಮ್ಯಾರಥಾನಿನಲ್ಲಿ ಇದರಿಂದ ಜೀವ ಹೋದದ್ದಿದೆ. ಬಾಯಾರಿದಾಗ ಕುಡಿಯಿರಿ, ಮೂತ್ರ ತಿಳಿಹಳದಿ ಇದ್ದರೆ ಸಾಕು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಓಆರ್‌ಎಸ್ ಒಯ್ಯುವುದಾದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಗಂಟೆಗೆ 30ರಿಂದ 60 ಗ್ರಾಂ ಸಿಹಿಯೂ ಬೇಕು: ಖರ್ಜೂರವೋ ಓಟಗಾರರು ಹೀರುವ ಸಿಹಿ ಜೆಲ್ಲೋ, ದೀರ್ಘ ಓಟಗಳಲ್ಲಿ ತಿಂದು ಒಗ್ಗಿದ್ದು ಮಾತ್ರ.

ಅಧ್ಯಾಪಕರ ಮರುಪತ್ರ, ಮರುದಿನ

ನಾಡಿ 58, ಎಂದಿನಷ್ಟೇ. ಎದೆನೋವು, ಏದುಸಿರು ಇಲ್ಲ. ಕಾಲಿನ ನೋವು ಒಂದು ಗೇಣು ಉದ್ದಕ್ಕೆ ಹರಡಿದೆ, ನಾಣ್ಯದಂತಹ ಜಾಗ ಸಿಗಲಿಲ್ಲ. ಒಂಟಿ ಕಾಲಿನಲ್ಲಿ ಹತ್ತು ಬಾರಿ ಕುಪ್ಪಳಿಸಿದೆ, ಚುಚ್ಚಲಿಲ್ಲ. ಹೊಸ ಶೂ ಕೊಂಡಿದ್ದೆ, ಅದನ್ನು ಮನೆಯಲ್ಲೇ ಬಿಡುತ್ತೇನೆ.

ಉತ್ತರ: ಫಿಸಿಯೋಥೆರಪಿಸ್ಟ್

ಓದಿ ಮನಸ್ಸು ಹಗುರವಾಯಿತು. ಹಳೆಯ ಶೂ ಕೈಚೀಲದಲ್ಲೇ ಇರಲಿ, ರೈಲಿನಲ್ಲಿ ಸೀಟಿನ ಕೆಳಗಿನ ಪೆಟ್ಟಿಗೆಗೆ ಹಾಕಬೇಡಿ. ಓಟದ ಸಂಖ್ಯೆಯ ಚೀಟಿ ಭಾನುವಾರ ಕೊಡುವುದಿಲ್ಲ, ಮುಂಬೈಗೆ ಇಳಿದ ಮೇಲೆ ಮೊದಲ ಕೆಲಸ ಅದು. ಓಟದ ದಾರಿಯಲ್ಲಿ ಪೆಡ್ಡರ್ ರಸ್ತೆಯ ಏರು ಮರಳುವಾಗ, ಕಾಲು ದಣಿದ ಮೇಲೆ ಸಿಗುತ್ತದೆ. ಮೊದಲ ಐದು ಕಿಲೋಮೀಟರ್ ಅದನ್ನು ನೆನೆದು ನಿಧಾನವಾಗಿ ಓಡಿ. ಕಾಲುಗುರು ಇವತ್ತೇ ಕತ್ತರಿಸಿ. ಶನಿವಾರ ಕತ್ತರಿಸಿ ಗಾಯ ಮಾಡಿಕೊಂಡರೆ ಒಣಗಲು ಸಮಯವಿಲ್ಲ.